ಪಾಸ್ಕಲ್ ರೂಟೀನಿನಿಂದ ಕಂಪೈಲರ್ ಭಾರ ಇಳಿಸುವುದು: ಇನ್‌ಲೈನ್ ಅಸೆಂಬ್ಲಿ ಎಲ್ಲಿ, ಹೇಗೆ?

ಒಂದು ಲೂಪ್ ಇದೆ. ಅದರೊಳಗೆ ಎರಡು ಸಾಲಿನ ಲೆಕ್ಕ. ನಿಧಾನ ಅನ್ನಿಸಿ ಆ ಎರಡು ಸಾಲನ್ನು ತೆಗೆದು ಎಎಸ್‌ಎಂ ಬ್ಲಾಕ್ (ಪಾಸ್ಕಲ್ ಕೋಡಿನ ನಡುವೆಯೇ ಪ್ರೊಸೆಸರ್‌ನ ಅಸೆಂಬ್ಲಿ ಭಾಷೆಯಲ್ಲಿ ಬರೆಯುವ ತುಂಡು) ಹಾಕುತ್ತೀರಿ. ಓಡಿಸಿ ನೋಡಿದರೆ ಮೊದಲಿಗಿಂತ ನಿಧಾನ! ನನಗೂ ಹೀಗೆ ಆಗಿದೆ. ತಪ್ಪು ಅಸೆಂಬ್ಲಿಯದ್ದಲ್ಲ, ಅದನ್ನು ಇಟ್ಟ ಜಾಗದ್ದು.

ರೂಟೀನಿನ ಮಧ್ಯೆ ಎಎಸ್‌ಎಂ ಬ್ಲಾಕ್ ಕಂಡ ಕೂಡಲೇ ಫ್ರೀ ಪಾಸ್ಕಲ್ ಕಂಪೈಲರ್ ಹುಷಾರಾಗುತ್ತದೆ. ಆ ಬ್ಲಾಕಿನೊಳಗೆ ಯಾವ ವೇರಿಯಬಲ್ ಏನಾಗುತ್ತದೆ ಎಂಬ ಖಾತ್ರಿ ಅದಕ್ಕೆ ಇರುವುದಿಲ್ಲ. ಹಾಗಾಗಿ ಆ ಇಡೀ ರೂಟೀನಿನಲ್ಲಿ ವೇರಿಯಬಲ್‌ಗಳನ್ನು ರಿಜಿಸ್ಟರ್‌ನಲ್ಲಿ (ಪ್ರೊಸೆಸರ್ ಒಳಗಿನ ಅತಿ ವೇಗದ ಪುಟ್ಟ ಜಾಗ) ಇಟ್ಟುಕೊಳ್ಳುವುದನ್ನು ಬಿಟ್ಟು ಮೆಮೊರಿಯಲ್ಲೇ ಇಡುತ್ತದೆ. ನೀವು ಎರಡು ಇನ್‌ಸ್ಟ್ರಕ್ಷನ್ ಉಳಿಸಿದಿರಿ, ಅದು ಲೂಪಿನ ಪ್ರತಿ ಸುತ್ತಿಗೂ ನಾಲ್ಕೈದು ಮೆಮೊರಿ ಓಡಾಟ ಸೇರಿಸಿತು. ಇನ್ನೊಂದು ಪಾಸ್ಕಲ್ ಸಾಧನವಾದ ಡೆಲ್ಫಿಯ 64 ಬಿಟ್ ಕಂಪೈಲರ್ (2011ರ ಎಕ್ಸ್‌ಇ2ರಲ್ಲಿ ಬಂದದ್ದು) ಈ ಬೆರಕೆಗೆ ಅವಕಾಶವನ್ನೇ ಕೊಡುವುದಿಲ್ಲ. ಅಲ್ಲಿ ರೂಟೀನ್ ಪೂರ್ತಿ ಅಸೆಂಬ್ಲಿ, ಇಲ್ಲವೇ ಪೂರ್ತಿ ಪಾಸ್ಕಲ್. ಅದು ಒಳ್ಳೆಯ ನಿಯಮ ಅಂತಲೇ ನನ್ನ ಅಭಿಪ್ರಾಯ. ಯಾವ ಕಂಪೈಲರ್ ಬಳಸಿದರೂ ಅದನ್ನೇ ಪಾಲಿಸಿ.

ಶುರು ಮಾಡುವ ಮುನ್ನ ಒಂದು ಮಾತು. ರಿಜಿಸ್ಟರ್, ಇನ್‌ಸ್ಟ್ರಕ್ಷನ್, ಸ್ವಿಚ್‌ಗಳ ಹೆಸರನ್ನೆಲ್ಲ ಓದುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಮಾಮೂಲಿನ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಕಂಪೈಲರ್ ಏನು ಬರೆದಿದೆ ಅಂತ ಮೊದಲು ಓದಿ

ಭಾರ ಎಲ್ಲಿದೆ ಅಂತ ಊಹಿಸಬೇಡಿ, ಕಣ್ಣಾರೆ ನೋಡಿ. ಫ್ರೀ ಪಾಸ್ಕಲ್‌ಗೆ -ಎಎಲ್ ಸ್ವಿಚ್ ಕೊಟ್ಟರೆ ಅದು ತಯಾರಿಸಿದ ಅಸೆಂಬ್ಲಿ ಫೈಲನ್ನು ಅಳಿಸದೆ ಉಳಿಸುತ್ತದೆ. ಪ್ರತಿ ತುಂಡಿನ ಪಕ್ಕದಲ್ಲಿ ನಿಮ್ಮ ಪಾಸ್ಕಲ್ ಸಾಲನ್ನೂ ಬರೆಯುತ್ತದೆ. ಡೆಲ್ಫಿಯಲ್ಲಾದರೆ ರೂಟೀನಿನ ಮೇಲೆ ಬ್ರೇಕ್‌ಪಾಯಿಂಟ್ ಇಟ್ಟು ಸಿಪಿಯು ವಿಂಡೋ ತೆರೆಯಿರಿ. ಫ್ರೀ ಪಾಸ್ಕಲ್ ಬಳಸುವ ಎಡಿಟರ್ ಲಾಜರಸ್‌ನಲ್ಲೂ ಡೀಬಗ್ ಮಾಡುವಾಗ ಅಸೆಂಬ್ಲರ್ ವಿಂಡೋ ಸಿಗುತ್ತದೆ.

ನೋಡುವಾಗ ಆಪ್ಟಿಮೈಸೇಷನ್ ಆನ್ ಇರಲಿ. ಫ್ರೀ ಪಾಸ್ಕಲ್‌ಗೆ -ಓ2 ಅಥವಾ -ಓ3 ಕೊಡಿ. ಡೆಲ್ಫಿಯಲ್ಲಿ ರಿಲೀಸ್ ಬಿಲ್ಡ್ ಆರಿಸಿ. ಡೀಬಗ್ ಬಿಲ್ಡ್ ನೋಡಿ ಕಂಪೈಲರನ್ನು ಬೈಯುವುದು ಸರಿಯಲ್ಲ, ಅಲ್ವಾ?

ಓದುವಾಗ ಮುಖ್ಯವಾಗಿ ನಾಲ್ಕು ಕಡೆ ಕಣ್ಣಿಡಿ. ರೂಟೀನಿನ ಶುರುವಿನಲ್ಲಿ ಸ್ಟ್ಯಾಕ್ ಫ್ರೇಮ್ (ರೂಟೀನ್ ತನಗಾಗಿ ಮೆಮೊರಿಯಲ್ಲಿ ಮಾಡಿಕೊಳ್ಳುವ ಜಾಗ) ಕಟ್ಟುವ ಸಾಲುಗಳು. ಲೂಪಿನೊಳಗೆ ನೀವು ಬರೆಯದೇ ಇದ್ದ ಕಾಲ್‌ಗಳು. ಅರೆ (ಒಂದೇ ಬಗೆಯ ಬೆಲೆಗಳ ಸಾಲು) ಮುಟ್ಟುವ ಮುಂಚೆ ನಡೆಯುವ ಹೋಲಿಕೆ ಮತ್ತು ಜಂಪ್. ಒಂದೇ ವೇರಿಯಬಲ್ಲನ್ನು ಸ್ಟ್ಯಾಕ್‌ಗೆ ಬರೆದು ಮರುಸಾಲಿನಲ್ಲೇ ಮತ್ತೆ ಓದುವುದು. ಇವುಗಳಲ್ಲಿ ಬಹಳಷ್ಟನ್ನು ಅಸೆಂಬ್ಲಿ ಇಲ್ಲದೆಯೇ ತೆಗೆಯಬಹುದು.

ಪಾಸ್ಕಲ್‌ನಲ್ಲೇ ಇಳಿಯುವ ಭಾರ

ಮೊದಲ ಅನುಮಾನ ಚೆಕ್‌ಗಳ ಮೇಲೆ ಇರಲಿ. ಆರ್ ಸ್ವಿಚ್ ಆನ್ ಇದ್ದರೆ ಅರೆಯನ್ನು ಮುಟ್ಟಿದಾಗಲೆಲ್ಲ ಗಡಿ ಪರೀಕ್ಷೆ ಆಗುತ್ತದೆ. ಕ್ಯೂ ಸ್ವಿಚ್ ಆನ್ ಇದ್ದರೆ ಪ್ರತಿ ಕೂಡುವಿಕೆಯ ಹಿಂದೆಯೂ ಓವರ್‌ಫ್ಲೋ ಪರೀಕ್ಷೆ. ಇವನ್ನು ಇಡೀ ಪ್ರೋಗ್ರಾಮಿನಲ್ಲಿ ಆಫ್ ಮಾಡಬೇಡಿ. ಆ ಒಂದು ರೂಟೀನಿನ ಸುತ್ತ ಮಾತ್ರ ಆಫ್ ಮಾಡಿ, ಮುಗಿದ ಕೂಡಲೇ ಹಿಂದಿನ ಸ್ಥಿತಿಗೆ ತನ್ನಿ. ಮೊದಲು ಚೆಕ್ ಆನ್ ಇಟ್ಟೇ ಕೋಡ್ ಸರಿಯಿದೆ ಅಂತ ಖಾತ್ರಿ ಮಾಡಿಕೊಂಡಿರಬೇಕು, ಅದು ಬೇರೆ ಮಾತು.

ಎರಡನೆಯದು ಸ್ಟ್ರಿಂಗ್. ಇಲ್ಲಿ ಅಡಗಿರುವ ಖರ್ಚು ಬಹಳ ಜನರಿಗೆ ಗೊತ್ತಿರುವುದಿಲ್ಲ. ಲೂಪಿನಲ್ಲಿ ಸ್ಟ್ರಿಂಗಿನ ಒಂದೊಂದೇ ಅಕ್ಷರವನ್ನು ಇಂಡೆಕ್ಸ್ ಹಿಡಿದು ಬದಲಾಯಿಸುತ್ತೀರಿ ಅಂದುಕೊಳ್ಳಿ. ಆ ಸ್ಟ್ರಿಂಗನ್ನು ಬೇರೆ ಯಾರಾದರೂ ಹಂಚಿಕೊಂಡಿದ್ದರೆ ಅವರ ಪ್ರತಿ ಕೆಡಬಾರದು. ಅದಕ್ಕಾಗಿ ಕಂಪೈಲರ್ ಪ್ರತಿ ಬರವಣಿಗೆಗೂ ಮೊದಲು ಯೂನಿಕ್‌ಸ್ಟ್ರಿಂಗ್ ಕೆಲಸದ ಕಾಲ್ ಒಂದನ್ನು ಸೇರಿಸುತ್ತದೆ. ಹತ್ತು ಲಕ್ಷ ಅಕ್ಷರಕ್ಕೆ ಹತ್ತು ಲಕ್ಷ ಕಾಲ್! ಲೂಪಿಗೆ ಮೊದಲು ನೀವೇ ಒಂದು ಸಲ ಯೂನಿಕ್‌ಸ್ಟ್ರಿಂಗ್ ಕರೆದು, ಒಂದು ಪಾಯಿಂಟರ್ ತೆಗೆದುಕೊಂಡು, ಲೂಪಿನಲ್ಲಿ ಪಾಯಿಂಟರ್ ಮೂಲಕ ಬರೆಯಿರಿ. ಅಷ್ಟೂ ಕಾಲ್ ಮಾಯ.

ಸ್ಟ್ರಿಂಗ್ ಅಥವಾ ಡೈನಾಮಿಕ್ ಅರೆಯನ್ನು ಬರೀ ಓದುವುದಕ್ಕೆ ಕಳಿಸುವಾಗ ಕಾನ್ಸ್ಟ್ ಅಂತ ಬರೆಯುವುದನ್ನು ಮರೆಯಬೇಡಿ. ಕಾನ್ಸ್ಟ್ ಇಲ್ಲದ ಸ್ಟ್ರಿಂಗ್ ಪ್ಯಾರಾಮೀಟರಿಗೆ ಒಳಗೆ ಬರುವಾಗ ರೆಫರೆನ್ಸ್ ಕೌಂಟ್ (ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬ ಎಣಿಕೆ) ಏರುತ್ತದೆ, ಹೊರಗೆ ಹೋಗುವಾಗ ಇಳಿಯುತ್ತದೆ. ನಡುವೆ ಎಕ್ಸೆಪ್ಷನ್ ಬಂದರೂ ಅದು ಇಳಿಯಲೇಬೇಕು. ಅದಕ್ಕೆ ಕಾಣದ ಟ್ರೈ-ಫೈನಲಿ ಒಂದು ಸೇರುತ್ತದೆ. ರೂಟೀನಿನೊಳಗೆ ಲೋಕಲ್ ಸ್ಟ್ರಿಂಗ್ ಇಟ್ಟುಕೊಂಡರೂ ಇದೇ ಕಥೆ. ಬಿಸಿ ಲೂಪ್ (ಲಕ್ಷಗಟ್ಟಲೆ ಸಲ ಸುತ್ತುವಂಥದ್ದು) ಇರುವ ರೂಟೀನಿನಲ್ಲಿ ಅಂಥ ಲೋಕಲ್ ಬೇಡ.

ಮೂರನೆಯದು ಪುಟ್ಟ ಫಂಕ್ಷನ್‌ಗಳ ಕಾಲ್ ಖರ್ಚು. ಇದಕ್ಕೆ ಇನ್‌ಲೈನ್ ಡೈರೆಕ್ಟಿವ್ ಇದೆ. ಡೆಲ್ಫಿಗೆ ಇದು ಬಂದದ್ದು ಡೆಲ್ಫಿ 2005ರಲ್ಲಿ. ಗಮನಿಸಿ: ಹೆಸರಿನಲ್ಲಿ 'ಇನ್‌ಲೈನ್' ಇದ್ದರೂ, ಅಸೆಂಬ್ಲಿ ಇರುವ ರೂಟೀನನ್ನು ಡೆಲ್ಫಿ ಕರೆದ ಜಾಗದಲ್ಲೇ ಬಿಚ್ಚಿ ಹಾಕುವುದಿಲ್ಲ. ಅದಕ್ಕೆ ಕಾಲ್ ಖರ್ಚು ಇದ್ದೇ ಇರುತ್ತದೆ. ಟರ್ಬೊ ಪಾಸ್ಕಲ್ ಕಾಲದಲ್ಲಿ ಮೆಷಿನ್ ಕೋಡಿನ ಹೆಕ್ಸ್ ಸಂಖ್ಯೆಗಳನ್ನೇ ಕೊಟ್ಟು, ಕಾಲ್ ಇಲ್ಲದೆ ಅಲ್ಲೇ ಬಿಚ್ಚಿಕೊಳ್ಳುವ ಪ್ರೊಸೀಜರ್ ಬರೆಯಬಹುದಿತ್ತು. ಓದಬಲ್ಲ ಎಎಸ್‌ಎಂ ಬ್ಲಾಕ್ ಬಂದದ್ದು 1990ರ ಟರ್ಬೊ ಪಾಸ್ಕಲ್ 6.0ರಲ್ಲಿ. ಈಗ ನಮ್ಮ ಲೆಕ್ಕ ಬೇರೆ. ಒಂದು ಕಾಲ್‌ಗೆ ಸಾಕಷ್ಟು ಕೆಲಸ ಮಾಡಿಸಿದರೆ ಮಾತ್ರ ಅಸೆಂಬ್ಲಿ ರೂಟೀನ್ ಲಾಭ.

ಇನ್ನೊಂದು: ನಿಮಗೆ ಬೇಕಾದ ಇನ್‌ಸ್ಟ್ರಕ್ಷನ್ ಈಗಾಗಲೇ ಸಿದ್ಧ ಇರಬಹುದು. ಫ್ರೀ ಪಾಸ್ಕಲ್‌ನಲ್ಲಿ ಬಿಟ್ ತಿರುಗಿಸಲು ರೋಲ್‌ಡಿವರ್ಡ್, ಅತಿ ಮೇಲಿನ 1 ಬಿಟ್ ಹುಡುಕಲು ಬಿಎಸ್‌ಆರ್‌ಡಿವರ್ಡ್, 1 ಬಿಟ್‌ಗಳನ್ನು ಎಣಿಸಲು ಪಾಪ್‌ಸಿಎನ್‌ಟಿ, ಬೈಟ್ ಕ್ರಮ ತಿರುಗಿಸಲು ಸ್ವಾಪ್‌ಎಂಡಿಯನ್ ಇವೆ. ಇವುಗಳಿಗಾಗಿ ಅಸೆಂಬ್ಲಿ ಬರೆಯುವುದು ಸುಮ್ನೆ ಶ್ರಮ. ಮೆಮೊರಿ ನಕಲಿಸುವ ಮೂವ್ ಮತ್ತು ತುಂಬುವ ಫಿಲ್‌ಚಾರ್ ಕೂಡ ಹಾಗೆಯೇ, ಎಕ್ಸ್86ನಲ್ಲಿ (ಇಂಟೆಲ್, ಎಎಮ್‌ಡಿ ಪ್ರೊಸೆಸರ್‌ಗಳಲ್ಲಿ) ಅವನ್ನು ಲೈಬ್ರರಿಯವರೇ ಅಸೆಂಬ್ಲಿಯಲ್ಲಿ ಹದ ಮಾಡಿ ಬರೆದಿದ್ದಾರೆ.

ಯಾವ ಪ್ಯಾರಾಮೀಟರ್ ಯಾವ ರಿಜಿಸ್ಟರಿನಲ್ಲಿ?

ಇಷ್ಟೆಲ್ಲ ಆದ ಮೇಲೂ ರೂಟೀನ್ ನಿಧಾನವೇ? ಹಾಗಿದ್ದರೆ ಈಗ ಅಸೆಂಬ್ಲಿ. ಆದರೆ ಅದಕ್ಕೂ ಮೊದಲು ಪ್ಯಾರಾಮೀಟರ್‌ಗಳು ಎಲ್ಲಿ ಬಂದು ಕೂರುತ್ತವೆ ಅಂತ ಬಾಯಿಪಾಠ ಇರಬೇಕು.

32 ಬಿಟ್‌ನಲ್ಲಿ ಡೆಲ್ಫಿ ಮತ್ತು ಫ್ರೀ ಪಾಸ್ಕಲ್ ಎರಡರಲ್ಲೂ ಡೀಫಾಲ್ಟ್ ಒಂದೇ: ಮೊದಲ ಮೂರು ಪ್ಯಾರಾಮೀಟರ್ ಕ್ರಮವಾಗಿ ಇಎಎಕ್ಸ್, ಇಡಿಎಕ್ಸ್, ಇಸಿಎಕ್ಸ್‌ನಲ್ಲಿ ಬರುತ್ತವೆ. ಉತ್ತರವನ್ನು ಇಎಎಕ್ಸ್‌ನಲ್ಲಿ ಬಿಡಬೇಕು. 64 ಬಿಟ್ ಪೂರ್ಣಾಂಕವಾದರೆ ಮೇಲಿನ ಅರ್ಧ ಇಡಿಎಕ್ಸ್‌ನಲ್ಲಿ. ಇಬಿಎಕ್ಸ್, ಇಎಸ್‌ಐ, ಇಡಿಐ, ಇಬಿಪಿ ಮುಟ್ಟಿದರೆ ಹಿಂದಿನ ಬೆಲೆಯನ್ನೇ ವಾಪಸ್ ಇಟ್ಟು ಹೋಗಬೇಕು.

64 ಬಿಟ್ ವಿಂಡೋಸ್‌ನಲ್ಲಿ ಕ್ರಮ ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8, ಆರ್9. ಉಳಿಸಿಕೊಡಬೇಕಾದವು ಆರ್‌ಬಿಎಕ್ಸ್, ಆರ್‌ಬಿಪಿ, ಆರ್‌ಎಸ್‌ಐ, ಆರ್‌ಡಿಐ, ಆರ್12ರಿಂದ ಆರ್15, ಜೊತೆಗೆ 16 ಬೈಟ್ ಹಿಡಿಯುವ ರಿಜಿಸ್ಟರ್‌ಗಳಲ್ಲಿ ಎಕ್ಸ್‌ಎಂಎಂ6ರಿಂದ ಎಕ್ಸ್‌ಎಂಎಂ15. 64 ಬಿಟ್ ಲಿನಕ್ಸ್‌ನಲ್ಲಿ ಕ್ರಮವೇ ಬೇರೆ: ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9. ಅಲ್ಲಿ ಎಕ್ಸ್‌ಎಂಎಂ ರಿಜಿಸ್ಟರ್ ಯಾವುದನ್ನೂ ಉಳಿಸಿಕೊಡಬೇಕಿಲ್ಲ.

ಅಂದರೆ ಪ್ರೊಸೆಸರ್ ಒಂದೇ ಆದರೂ ವಿಂಡೋಸ್‌ಗೆ ಬರೆದದ್ದು ಲಿನಕ್ಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಕಂಪೈಲ್ ಏನೋ ಆಗುತ್ತದೆ. ಅದೇ ಅಪಾಯ.

ಕ್ಲಾಸಿನ ಮೆಥಡ್ ಬರೆದರೆ ಸೆಲ್ಫ್ ಕೂಡ ಒಂದು ಪ್ಯಾರಾಮೀಟರ್, ಮೊದಲ ಜಾಗ ಅದಕ್ಕೆ. ಓಪನ್ ಅರೆ ಕಳಿಸಿದರೆ ಪಾಯಿಂಟರ್ ಜೊತೆ ಕೊನೆಯ ಇಂಡೆಕ್ಸ್ ಕೂಡ ಕಾಣದಂತೆ ಬರುತ್ತದೆ. ಈ ಗೊಂದಲವೇ ಬೇಡ ಅಂತ ನಾನು ಅಸೆಂಬ್ಲಿ ರೂಟೀನಿಗೆ ಪಾಯಿಂಟರ್ ಮತ್ತು ಪೂರ್ಣಾಂಕ ಮಾತ್ರ ಕಳಿಸುತ್ತೇನೆ.

ಮೊದಲ ರೂಟೀನ್: ಗುಣಿಸಿ ಭಾಗಿಸುವುದು

ಎ, ಬಿ, ಸಿ ಮೂರೂ ಕಾರ್ಡಿನಲ್, ಅಂದರೆ ಚಿಹ್ನೆ ಇಲ್ಲದ 32 ಬಿಟ್ ಸಂಖ್ಯೆಗಳು. ಎ ಗುಣಿಸು ಬಿ, ಆಮೇಲೆ ಸಿಯಿಂದ ಭಾಗಿಸು. ಗುಣಲಬ್ಧ 32 ಬಿಟ್ ಮೀರುವುದರಿಂದ ಪಾಸ್ಕಲ್‌ನಲ್ಲಿ 64 ಬಿಟ್‌ಗೆ ಹಿಗ್ಗಿಸಿ ಬರೆಯುತ್ತೇವೆ. 32 ಬಿಟ್ ಕಂಪೈಲರ್ ಆ ಭಾಗಾಕಾರಕ್ಕೆ ಲೈಬ್ರರಿಯ ಒಂದು ಸಹಾಯಕ ಫಂಕ್ಷನ್ನನ್ನು ಕರೆಯುತ್ತದೆ. ಪ್ರೊಸೆಸರ್‌ಗೆ ಇದು ನೇರವಾಗಿಯೇ ಬರುತ್ತದೆ: ಮಲ್ ಇನ್‌ಸ್ಟ್ರಕ್ಷನ್ 32 ಬಿಟ್‌ಗಳನ್ನು ಗುಣಿಸಿ 64 ಬಿಟ್ ಉತ್ತರವನ್ನು ಇಡಿಎಕ್ಸ್ ಮತ್ತು ಇಎಎಕ್ಸ್ ಜೋಡಿಯಲ್ಲಿ ಇಡುತ್ತದೆ. ಡಿವ್ ಅದೇ ಜೋಡಿಯನ್ನು ಭಾಗಿಸುತ್ತದೆ.

ಈಗ ಮೇಲಿನ ಕ್ರಮ ನೆನಪಿಸಿಕೊಳ್ಳಿ. ಎ ಬಂದಿರುವುದು ಇಎಎಕ್ಸ್‌ನಲ್ಲಿ, ಬಿ ಇಡಿಎಕ್ಸ್‌ನಲ್ಲಿ, ಸಿ ಇಸಿಎಕ್ಸ್‌ನಲ್ಲಿ. ಹಾಗಾಗಿ 32 ಬಿಟ್‌ನಲ್ಲಿ ಇಡೀ ರೂಟೀನ್ ಇಷ್ಟೇ:

ಮಲ್ ಇಡಿಎಕ್ಸ್
ಡಿವ್ ಇಸಿಎಕ್ಸ್

ಉತ್ತರ ಇಎಎಕ್ಸ್‌ನಲ್ಲೇ ಇದೆ, ಬೇಕಾದದ್ದೂ ಅಲ್ಲೇ. ರಿಜಿಸ್ಟರ್‌ನಿಂದ ರಿಜಿಸ್ಟರ್‌ಗೆ ಸಾಗಿಸುವ ಒಂದು ಮೂವ್ ಇನ್‌ಸ್ಟ್ರಕ್ಷನ್ ಕೂಡ ಬೇಡ. ಪ್ಯಾರಾಮೀಟರ್ ಕ್ರಮವನ್ನು ಇನ್‌ಸ್ಟ್ರಕ್ಷನ್‌ಗೆ ಹೊಂದುವಂತೆ ಆರಿಸಿಕೊಂಡರೆ ಎಷ್ಟು ಹಗುರಾಗುತ್ತದೆ ನೋಡಿ. ನಿಮ್ಮದೇ ರೂಟೀನ್ ಬರೆಯುವಾಗಲೂ ಯಾವುದನ್ನು ಮೊದಲು, ಯಾವುದನ್ನು ಆಮೇಲೆ ಕಳಿಸಬೇಕು ಅಂತ ಹೀಗೆ ಯೋಚಿಸಿ.

ಘೋಷಣೆಯಲ್ಲಿ ಅಸೆಂಬ್ಲರ್ ಎಂಬ ಪದ ಬರೆಯಿರಿ. ಫ್ರೀ ಪಾಸ್ಕಲ್‌ನಲ್ಲಿ ಜೊತೆಗೆ ನೋಸ್ಟ್ಯಾಕ್‌ಫ್ರೇಮ್ ಬರೆಯಿರಿ, ಆಗ ಸ್ಟ್ಯಾಕ್ ಫ್ರೇಮ್ ಕಟ್ಟುವ ಸಾಲುಗಳು ಸೇರುವುದಿಲ್ಲ. ಕೊನೆಯ ರೆಟ್ ಇನ್‌ಸ್ಟ್ರಕ್ಷನ್ನನ್ನು ಕಂಪೈಲರ್ ತಾನೇ ಹಾಕುತ್ತದೆ. ನೀವು ಬರೆಯಬೇಡಿ. ಇನ್ನೊಂದು ವಿಷಯ: ಎಕ್ಸ್86ನಲ್ಲಿ ಫ್ರೀ ಪಾಸ್ಕಲ್‌ನ ಡೀಫಾಲ್ಟ್ ಬರವಣಿಗೆ ಎಟಿ ಅಂಡ್ ಟಿ ಶೈಲಿ. ಅದರಲ್ಲಿ ಎಲ್ಲಿಂದ ಎಂಬುದು ಮೊದಲು, ಎಲ್ಲಿಗೆ ಎಂಬುದು ಆಮೇಲೆ ಬರುತ್ತದೆ. ಡೆಲ್ಫಿಯದ್ದು ಇಂಟೆಲ್ ಶೈಲಿ, ಇದಕ್ಕೆ ಉಲ್ಟಾ. ಫೈಲಿನ ಮೇಲ್ಗಡೆ, ಫ್ರೀ ಪಾಸ್ಕಲ್‌ಗೆ ಮಾತ್ರ ಅನ್ವಯಿಸುವಂತೆ, ಎಎಸ್‌ಎಂಮೋಡ್ ಇಂಟೆಲ್ ಅಂತ ಡೈರೆಕ್ಟಿವ್ ಹಾಕಿಬಿಡಿ, ಎರಡಕ್ಕೂ ಒಂದೇ ಕೋಡ್ ಆಗುತ್ತದೆ.

ಆದರೆ ಈ ಎರಡು ಸಾಲಿನಲ್ಲಿ ಒಂದು ಬಲೆ ಇದೆ. ಭಾಗಲಬ್ಧ 32 ಬಿಟ್‌ಗೆ ಹಿಡಿಯದಿದ್ದರೆ ಡಿವ್ ಸುಮ್ಮನೆ ಕತ್ತರಿಸಿ ಕೊಡುವುದಿಲ್ಲ. ಪ್ರೊಸೆಸರ್ ಭಾಗಾಕಾರದ ತಪ್ಪು ಎಂದು ಎಕ್ಸೆಪ್ಷನ್ ಎಬ್ಬಿಸುತ್ತದೆ. ಸಿ ಸೊನ್ನೆಯಾದರೂ ಅದೇ ತಪ್ಪು. ಎರಡನ್ನೂ ಒಂದೇ ಹೋಲಿಕೆಯಲ್ಲಿ ಹಿಡಿಯಬಹುದು, ಈ ಉಪಾಯ ನನಗೆ ಬಹಳ ಇಷ್ಟ. ಮಲ್ ಆದ ಮೇಲೆ ಇಡಿಎಕ್ಸನ್ನು ಇಸಿಎಕ್ಸ್ ಜೊತೆ ಹೋಲಿಸಿ. ಇಡಿಎಕ್ಸ್ ಅದಕ್ಕೆ ಸಮ ಅಥವಾ ದೊಡ್ಡದಾಗಿದ್ದರೆ ಭಾಗಲಬ್ಧ ಹಿಡಿಯುವುದಿಲ್ಲ. ಇಸಿಎಕ್ಸ್ ಸೊನ್ನೆಯಾದರೆ ಇಡಿಎಕ್ಸ್ ಹೇಗೂ ಅದಕ್ಕೆ ಸಮ ಅಥವಾ ದೊಡ್ಡದು. ಸಿಎಂಪಿ ಒಂದು, ಜೆಎಇ ಒಂದು. ಜಂಪ್ ಮಾಡಿದ ಕಡೆ ಇಎಎಕ್ಸ್‌ಗೆ ನಿಮಗೆ ಬೇಕಾದ ಗರಿಷ್ಠ ಬೆಲೆ ಹಾಕಿ.

ಇದೇ ರೂಟೀನ್ 64 ಬಿಟ್ ಲಿನಕ್ಸ್‌ಗೆ ಹೋದರೆ ಏನಾಗುತ್ತದೆ? ಅಲ್ಲಿ ಮೂರನೆಯ ಪ್ಯಾರಾಮೀಟರ್ ಸಿ ಇರುವುದು ಇಡಿಎಕ್ಸ್‌ನಲ್ಲಿ. ಮಲ್ ಅದನ್ನೇ ಅಳಿಸಿ ಗುಣಲಬ್ಧದ ಮೇಲರ್ಧ ಬರೆಯುತ್ತದೆ! ಹಾಗಾಗಿ ಮೊದಲು ಇಡಿಎಕ್ಸನ್ನು ಇಸಿಎಕ್ಸ್‌ಗೆ ಸಾಗಿಸಿ, ಇಡಿಐಯನ್ನು ಇಎಎಕ್ಸ್‌ಗೆ ತಂದು, ಆಮೇಲೆ ಇಎಸ್‌ಐಯಿಂದ ಗುಣಿಸಬೇಕು. ವಿಂಡೋಸ್‌ನಲ್ಲಿ ಇಸಿಎಕ್ಸನ್ನು ಇಎಎಕ್ಸ್‌ಗೆ ತಂದು, ಇಡಿಎಕ್ಸ್‌ನಿಂದ ಗುಣಿಸಿ, ಆರ್8ಡಿಯಿಂದ ಭಾಗಿಸಬೇಕು. ಆದರೆ ನಿಜ ಹೇಳಬೇಕೆಂದರೆ 64 ಬಿಟ್‌ನಲ್ಲಿ ಈ ರೂಟೀನ್ ಅಷ್ಟಾಗಿ ಬೇಕಿಲ್ಲ. ಅಲ್ಲಿ ಕಂಪೈಲರ್ 64 ಬಿಟ್ ಭಾಗಾಕಾರವನ್ನು ನೇರವಾಗಿ ಬರೆಯುತ್ತದೆ, ಸಹಾಯಕ ಕಾಲ್ ಇಲ್ಲ.

ನಿಜವಾದ ಲಾಭ: ಒಂದೇ ಏಟಿಗೆ 16 ಬೈಟ್

ಅಸೆಂಬ್ಲಿಗೆ ಇವತ್ತಿಗೂ ಗಟ್ಟಿ ಕಾರಣ ಯಾವುದು ಅಂತ ಕೇಳಿದರೆ ನಾನು ಎಸ್‌ಎಸ್‌ಇ (ಹಲವು ಬೆಲೆಗಳ ಮೇಲೆ ಒಟ್ಟಿಗೆ ಕೆಲಸ ಮಾಡುವ ಇನ್‌ಸ್ಟ್ರಕ್ಷನ್‌ಗಳ ಗುಂಪು) ಕಡೆ ಕೈ ತೋರಿಸುತ್ತೇನೆ. ಡೆಲ್ಫಿ ಕಂಪೈಲರ್ ಮಾಮೂಲಿ ಲೂಪನ್ನು ತಾನಾಗಿ ಎಸ್‌ಎಸ್‌ಇ ಗುಂಪು ಲೆಕ್ಕಕ್ಕೆ ಬದಲಾಯಿಸುವುದಿಲ್ಲ. ಫ್ರೀ ಪಾಸ್ಕಲ್‌ನಿಂದಲೂ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎಸ್‌ಎಸ್‌ಇ2 ಮಾತ್ರ ಎಲ್ಲ 64 ಬಿಟ್ ಎಕ್ಸ್86 ಪ್ರೊಸೆಸರ್‌ನಲ್ಲೂ ಇದ್ದೇ ಇರುತ್ತದೆ, ಪರೀಕ್ಷೆ ಮಾಡುವ ಅಗತ್ಯವೇ ಇಲ್ಲ.

ಚಿತ್ರವೊಂದರ ಬೆಳಕು ಹೆಚ್ಚಿಸುವ ಕೆಲಸ ತೆಗೆದುಕೊಳ್ಳಿ. ಪ್ರತಿ ಬೈಟ್‌ಗೂ ಒಂದು ಬೆಲೆ ಕೂಡಬೇಕು, 255 ದಾಟಿದರೆ 255ರಲ್ಲೇ ನಿಲ್ಲಿಸಬೇಕು. ಪಾಸ್ಕಲ್‌ನಲ್ಲಿ ಪ್ರತಿ ಬೈಟ್‌ಗೂ ಒಂದು ಇಫ್. ಎಸ್‌ಎಸ್‌ಇ2ನ ಪಿಎಡಿಡಿಯುಎಸ್‌ಬಿ ಇನ್‌ಸ್ಟ್ರಕ್ಷನ್ 16 ಬೈಟ್‌ಗಳಿಗೆ ಒಟ್ಟಿಗೆ ಇದೇ ಕೆಲಸ ಮಾಡುತ್ತದೆ, 255ರ ಮಿತಿ ಸಹಿತ. ಇಫ್ ಇಲ್ಲ, ಜಂಪ್ ಇಲ್ಲ.

ರೂಟೀನಿಗೆ ಮೂರು ಪ್ಯಾರಾಮೀಟರ್: ಬೈಟ್‌ಗಳ ಪಾಯಿಂಟರ್, ಎಷ್ಟು 16 ಬೈಟ್ ತುಂಡುಗಳು, ಮತ್ತು ಕೂಡಬೇಕಾದ ಬೆಲೆ. ವಿಂಡೋಸ್ ಕ್ರಮದಲ್ಲಿ ಅವು ಆರ್‌ಸಿಎಕ್ಸ್, ಆರ್‌ಡಿಎಕ್ಸ್, ಆರ್8ಬಿ.

ಮೊದಲು ಕೂಡುವ ಬೆಲೆಯನ್ನು 16 ಕಡೆಗೂ ಹರಡಬೇಕು. ಆರ್8ಬಿಯನ್ನು ಮೂವ್‌ಝೆಡ್‌ಎಕ್ಸ್‌ನಿಂದ ಇಎಎಕ್ಸ್‌ಗೆ ತನ್ನಿ. ಅದನ್ನು ಹೆಕ್ಸ್ 01010101ರಿಂದ ಐಮಲ್ ಮಾಡಿ. ಈಗ ಅದೇ ಬೈಟ್ ಇಎಎಕ್ಸ್‌ನ ನಾಲ್ಕೂ ಜಾಗದಲ್ಲಿದೆ. ಮೂವ್‌ಡಿಯಿಂದ ಎಕ್ಸ್‌ಎಂಎಂ1ಕ್ಕೆ ಹಾಕಿ, ಪಿಶಫ್‌ಡಿಗೆ 0 ಕೊಟ್ಟು ಹರಡಿ. 16 ಬೈಟೂ ತುಂಬಿತು.

ಆಮೇಲೆ ಲೂಪ್:

ಮೂವ್‌ಡಿಕ್ಯುಯು ಎಕ್ಸ್‌ಎಂಎಂ0, [ಆರ್‌ಸಿಎಕ್ಸ್]
ಪಿಎಡಿಡಿಯುಎಸ್‌ಬಿ ಎಕ್ಸ್‌ಎಂಎಂ0, ಎಕ್ಸ್‌ಎಂಎಂ1
ಮೂವ್‌ಡಿಕ್ಯುಯು [ಆರ್‌ಸಿಎಕ್ಸ್], ಎಕ್ಸ್‌ಎಂಎಂ0
ಆಡ್ ಆರ್‌ಸಿಎಕ್ಸ್, 16
ಸಬ್ ಆರ್‌ಡಿಎಕ್ಸ್, 1
ಜೆಎನ್‌ಝೆಡ್ ಲೂಪಿನ ತಲೆಗೆ

ಲೇಬಲ್ ಹೆಸರಿನ ಮೊದಲು ಎರಡು @ ಚಿಹ್ನೆ ಹಾಕಿ, ಆಗ ಅದು ಈ ರೂಟೀನಿಗೆ ಮಾತ್ರ ಸೇರಿದ್ದಾಗುತ್ತದೆ. ಮೂವ್‌ಡಿಕ್ಯುಯು ಬದಲು ಮೂವ್‌ಡಿಕ್ಯುಎ ಬಳಸಬೇಡಿ. ವಿಳಾಸ 16ರಿಂದ ಭಾಗವಾಗದಿದ್ದರೆ ಅದು ಪ್ರೋಗ್ರಾಮನ್ನೇ ಬೀಳಿಸುತ್ತದೆ. ಚಿತ್ರದ ಸಾಲುಗಳು ಎಲ್ಲಿಂದ ಬೇಕಾದರೂ ಶುರುವಾಗಬಹುದು.

ಉಳಿದ ಬೈಟ್‌ಗಳು? ಅದನ್ನು ಪಾಸ್ಕಲ್ ನೋಡಿಕೊಳ್ಳಲಿ. ಹೊರಗೆ ಒಂದು ಮಾಮೂಲಿ ಪಾಸ್ಕಲ್ ಪ್ರೊಸೀಜರ್ ಇರಲಿ. ಅದು ಒಟ್ಟು ಬೈಟ್‌ಗಳನ್ನು 16ರಿಂದ ಭಾಗಿಸಿ, ತುಂಡುಗಳ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಇದ್ದರೆ ಮಾತ್ರ ಅಸೆಂಬ್ಲಿಯನ್ನು ಕರೆಯಲಿ. ಕೊನೆಯ 15ರವರೆಗಿನ ಬೈಟ್‌ಗಳನ್ನು ತಾನೇ ಮುಗಿಸಲಿ. ಸೊನ್ನೆ ಅಥವಾ ಮೈನಸ್ ಬಂದರೆ ಏನು ಮಾಡಬೇಕು ಎಂಬ ತೀರ್ಮಾನವೆಲ್ಲ ಪಾಸ್ಕಲ್ ಕಡೆ ಉಳಿಯುತ್ತದೆ. ಅಸೆಂಬ್ಲಿ ಚಿಕ್ಕದಾಗಿ, ನೇರವಾಗಿ ಇರುತ್ತದೆ. ಒಂದು ಕಾಲ್‌ಗೆ ಸಾವಿರಾರು ಬೈಟ್ ಕೆಲಸ ಆಗುವುದರಿಂದ ಕಾಲ್ ಖರ್ಚು ಲೆಕ್ಕಕ್ಕೇ ಬರುವುದಿಲ್ಲ.

ತುಂಡುಗಳ ಸಂಖ್ಯೆಯ ಟೈಪ್ ನೇಟಿವ್‌ಇಂಟ್ ಆಗಿರಲಿ. 32 ಬಿಟ್ ಇಂಟೀಜರ್ ಕಳಿಸಿದರೆ ರಿಜಿಸ್ಟರಿನ ಮೇಲಿನ 32 ಬಿಟ್‌ನಲ್ಲಿ ಏನಿರುತ್ತದೆ ಎಂಬ ಖಾತ್ರಿ ಇಲ್ಲ. ನೀವು ಆರ್‌ಡಿಎಕ್ಸ್ ಪೂರ್ತಿ ಓದಿದರೆ ಹಳೆಯ ಕಸವೂ ಸೇರಿ ಬರುತ್ತದೆ. ಎಷ್ಟೋ ಸಲ ಅಲ್ಲಿ ಸೊನ್ನೆಯೇ ಇರುತ್ತದೆ, ಹಾಗಾಗಿ ಈ ತಪ್ಪು ತಿಂಗಳುಗಟ್ಟಲೆ ಕಾಣದೆ ಕೂತಿರುತ್ತದೆ.

ಬಿಟ್ಟರೆ ಕಾಡುವ ಸಂಗತಿಗಳು

ಒಮ್ಮೆ ನಾನು ಇಬಿಎಕ್ಸನ್ನು ಉಳಿಸದೆ ಬಳಸಿದ್ದೆ. ನನ್ನ ರೂಟೀನ್ ಸರಿಯಾದ ಉತ್ತರವನ್ನೇ ಕೊಡುತ್ತಿತ್ತು. ಪ್ರೋಗ್ರಾಂ ಬೀಳುತ್ತಿದ್ದದ್ದು ಅದನ್ನು ಕರೆದವರನ್ನು ಕರೆದ ಇನ್ನೊಂದು ಫಂಕ್ಷನ್‌ನಲ್ಲಿ. ಎರಡು ದಿನ ತಪ್ಪು ಜಾಗದಲ್ಲಿ ಹುಡುಕಿದೆ. ಅಂದಿನಿಂದ ಪ್ರತಿ ರೂಟೀನಿನ ಮೇಲೆ ಕಾಮೆಂಟ್ ಬರೆಯುತ್ತೇನೆ: ಯಾವ ರಿಜಿಸ್ಟರಿನಲ್ಲಿ ಏನು ಬಂದಿದೆ, ಯಾವುದನ್ನು ಕೆಡಿಸಿದ್ದೇನೆ. ಫ್ರೀ ಪಾಸ್ಕಲ್‌ನಲ್ಲಿ ಪಾಸ್ಕಲ್ ರೂಟೀನಿನ ನಡುವೆ ಎಎಸ್‌ಎಂ ಬ್ಲಾಕ್ ಬರೆಯಲೇಬೇಕಾಗಿ ಬಂದರೆ, ಕೆಡಿಸಿದ ರಿಜಿಸ್ಟರ್‌ಗಳ ಪಟ್ಟಿಯನ್ನು ಎಂಡ್ ಪದದ ನಂತರ ಚೌಕ ಆವರಣದಲ್ಲಿ ಕೊಡಬಹುದು. ಕೊಡಿ.

ಮೆಮೊರಿಯಲ್ಲಿ ಹಿಂದಕ್ಕೆ ಸಾಗಲು ಎಸ್‌ಟಿಡಿ ಬಳಸಿದರೆ, ಹೊರಡುವ ಮುನ್ನ ದಿಕ್ಕು ಸರಿಮಾಡುವ ಸಿಎಲ್‌ಡಿ ಹಾಕಿ. ಎಸ್‌ಎಸ್‌ಇಗಿಂತ ಹಳೆಯ ಎಂಎಂಎಕ್ಸ್ ರಿಜಿಸ್ಟರ್ ಮುಟ್ಟಿದರೆ ಇಎಂಎಂಎಸ್ ಬರೆಯದೆ ಹೊರಬರಬೇಡಿ, ಇಲ್ಲದಿದ್ದರೆ ಮುಂದಿನ ದಶಮಾಂಶ ಲೆಕ್ಕ ಹಾಳಾಗುತ್ತದೆ. 64 ಬಿಟ್ ವಿಂಡೋಸ್‌ನಲ್ಲಿ ಸ್ಟ್ಯಾಕ್ ಪಾಯಿಂಟರ್ ಸರಿಸಿದರೆ ಅಥವಾ ಉಳಿಸಬೇಕಾದ ರಿಜಿಸ್ಟರನ್ನು ಪುಶ್ ಮಾಡಿದರೆ ಎಕ್ಸೆಪ್ಷನ್ ವ್ಯವಸ್ಥೆಗೂ ಅದನ್ನು ತಿಳಿಸಬೇಕು. ಡೆಲ್ಫಿಯಲ್ಲಿ ಅದಕ್ಕೆ ಡಾಟ್ ಪುಶ್‌ಎನ್‌ವಿ ಇದೆ. ಬೇರೆ ಯಾರನ್ನೂ ಕರೆಯದ, ಸ್ಟ್ಯಾಕ್ ಮುಟ್ಟದ ರೂಟೀನ್‌ಗಳನ್ನೇ ಬರೆದರೆ ಈ ತಲೆನೋವು ಇಲ್ಲ. ಮೇಲಿನ ಎರಡೂ ಉದಾಹರಣೆ ಅಂಥವೇ.

ಪಾಸ್ಕಲ್ ಆವೃತ್ತಿಯನ್ನು ಅಳಿಸಬೇಡಿ

ಅಸೆಂಬ್ಲಿ ಬರೆದಾದ ಮೇಲೆ ಹಳೆಯ ಪಾಸ್ಕಲ್ ಕೋಡ್ ಇನ್ನೂ ಎರಡು ಕೆಲಸಕ್ಕೆ ಬೇಕು. ಎಆರ್‌ಎಂ ಪ್ರೊಸೆಸರ್‌ಗೆ ಕಂಪೈಲ್ ಮಾಡಿದರೆ ಎಕ್ಸ್86 ಅಸೆಂಬ್ಲಿ ನಡೆಯುವುದಿಲ್ಲ. ಐಎಫ್‌ಡೆಫ್ ಹಾಕಿ, ಫ್ರೀ ಪಾಸ್ಕಲ್‌ನಲ್ಲಿ ಸಿಪಿಯುಎಕ್ಸ್86_64, ಡೆಲ್ಫಿಯಲ್ಲಿ ಸಿಪಿಯುಎಕ್ಸ್64 ಇದ್ದಾಗ ಮಾತ್ರ 64 ಬಿಟ್ ಅಸೆಂಬ್ಲಿ ಆಯ್ಕೆ ಆಗಲಿ. ಒಳಗೆ ವಿಂಡೋಸ್ ಮತ್ತು ಲಿನಕ್ಸ್‌ಗೆ ಮತ್ತೆ ಬೇರೆ ಬೇರೆ. ಉಳಿದೆಲ್ಲ ಕಡೆ ಪಾಸ್ಕಲ್.

ಎರಡನೆಯದು ಪರೀಕ್ಷೆ. ಬೆಳಕಿನ ರೂಟೀನಿಗೆ ಒಂದು ಬೈಟ್ ಮತ್ತು ಕೂಡುವ ಒಂದು ಬೆಲೆ ಸೇರಿ 65,536 ಜೋಡಿಗಳು ಮಾತ್ರ. ಎಲ್ಲವನ್ನೂ ಎರಡೂ ಆವೃತ್ತಿಯಲ್ಲಿ ಓಡಿಸಿ ಹೋಲಿಸಿ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಉದ್ದವನ್ನು 0ಯಿಂದ 100ರವರೆಗೆ, ಶುರುವಿನ ಜಾಗವನ್ನು 0ಯಿಂದ 15ರವರೆಗೆ ಬದಲಾಯಿಸಿ ನೋಡಿ. ಬಫರಿನ ಎರಡೂ ತುದಿಯಾಚೆ ಗುರುತಿನ ಬೈಟ್‌ಗಳನ್ನು ಇಟ್ಟು, ಅವು ಬದಲಾಗಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಅಸೆಂಬ್ಲಿಗೆ ರೇಂಜ್ ಚೆಕ್ ಇಲ್ಲ, ಗಡಿ ದಾಟಿದರೆ ಹೇಳುವವರು ಯಾರೂ ಇಲ್ಲ.

ವೇಗ ಅಳೆಯಲು, ಪ್ರೊಸೆಸರ್‌ನ ಟಿಕ್ ಎಣಿಕೆ ಓದುವ ಆರ್‌ಡಿಟಿಎಸ್‌ಸಿ ಇನ್‌ಸ್ಟ್ರಕ್ಷನ್ ಬಳಸಬಹುದು. ಅದರ ಫಂಕ್ಷನ್ ಕೂಡ ಪುಟ್ಟ ಅಸೆಂಬ್ಲಿಯೇ. 32 ಬಿಟ್‌ನಲ್ಲಿ ಉತ್ತರ ಇಡಿಎಕ್ಸ್ ಮತ್ತು ಇಎಎಕ್ಸ್ ಜೋಡಿಯಲ್ಲೇ ಬರುವುದರಿಂದ ಆ ಒಂದೇ ಇನ್‌ಸ್ಟ್ರಕ್ಷನ್ ಸಾಕು. 64 ಬಿಟ್‌ನಲ್ಲಿ ಆರ್‌ಡಿಎಕ್ಸನ್ನು 32 ಬಿಟ್ ಎಡಕ್ಕೆ ಸರಿಸಿ ಆರ್‌ಎಎಕ್ಸ್ ಜೊತೆ ಓಆರ್ ಇನ್‌ಸ್ಟ್ರಕ್ಷನ್‌ನಿಂದ ಸೇರಿಸಬೇಕು. ಹಿಂದಿನ ಕೆಲಸ ಮುಗಿಯುವ ಮೊದಲೇ ಅದು ಓಡದಂತೆ ಮುಂದೆ ಒಂದು ಎಲ್‌ಫೆನ್ಸ್ ಹಾಕಿ. ಮೊದಲ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ, ಆಗ ಕ್ಯಾಶ್ ಇನ್ನೂ ತುಂಬಿರುವುದಿಲ್ಲ. ನೂರಾರು ಸಲ ಓಡಿಸಿ ಕನಿಷ್ಠ ಸಂಖ್ಯೆ ತೆಗೆದುಕೊಳ್ಳಿ. ಸರಾಸರಿಯಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಅಡಚಣೆಗಳೂ ಸೇರಿರುತ್ತವೆ.

ಪಾಸ್ಕಲ್ ಆವೃತ್ತಿಯನ್ನೂ ಅದೇ ಸ್ವಿಚ್‌ಗಳೊಂದಿಗೆ, ಚೆಕ್‌ಗಳು ಆಫ್ ಇರುವಾಗಲೇ ಅಳೆಯಿರಿ. ಎರಡರ ನಡುವೆ ಹೇಳಿಕೊಳ್ಳುವಂಥ ಅಂತರ ಕಾಣದಿದ್ದರೆ ಅಸೆಂಬ್ಲಿಯನ್ನು ತೆಗೆದು ಪಾಸ್ಕಲ್ ಕೋಡನ್ನೇ ಉಳಿಸಿಕೊಳ್ಳಿ.